ಅಣ್ಣನ ರೇಸ್ ಬೈಕಿನ ಸೊಟ್ಟ ಹ್ಯಾಂಡಲ್

ನಮ್ಮ ಕಡೆಯ ಮೆಕ್ಯಾನಿಕ್‌ಗಳ ಕೈಗೆ ಹಳೇ ಬೈಕು ಕೊಡುವುದೂ ಒಂದೇ, ಗುಜರಿಗೆ ಹಾಕುವುದೂ ಒಂದೇ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು. ಅಣ್ಣ ಹರೆಯದಲ್ಲಿ ಮಣ್ಣಿನ ಟ್ರ್ಯಾಕಿನಲ್ಲಿ ಹಾರಿಸುತ್ತಿದ್ದ ರೇಸ್ ಬೈಕು ಪಾಂಡವಪುರದ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಶ್ರೀರಂಗಪಟ್ಟಣದ ಹತ್ತಿರ ಹಳೇ ಬೈಕುಗಳ ರೇಸು ಇದೆ ಎಂದು ಗೊತ್ತಾದಾಗ ಅಣ್ಣ, "ಒಂದೇ ಒಂದು ಸುತ್ತು ಒಡ್ದುಬುಟ್ರೆ ಸಾಕು ಕಣ್ಲಾ" ಅಂದ. ಅರವತ್ತು ದಾಟಿದವನ ಆಸೆ. ಬೈಕು ಸಿದ್ಧಮಾಡುವ ಹೊಣೆ ನಾನೇ ಹೊತ್ತೆ.

ಕೆ.ಆರ್. ಪೇಟೆಯ ಮೆಕ್ಯಾನಿಕ್ ಮಹಾಶಯ ಇಂಜಿನ್ನೇನೋ ಎಬ್ಬಿಸಿದ. ಜೊತೆಗೆ ಹಿಂದಿನ ಚಕ್ರದ ಪಕ್ಕ ಸೀರೆ ಗಾರ್ಡ್ ಹಾಕಿ ನಿಲ್ಲಿಸಿದ್ದ! "ಅಮ್ಮಾವ್ರು ಇಂದ್ಗಡೆ ಕೂತ್ಕಂಡ್ರೆ ಸೀರೆ ಸಿಕ್ಕಾಕಳಕಿಲ್ವಾ ಸಾ?" ಒಂಟಿ ಸೀಟಿನ ರೇಸ್ ಬೈಕಿಗೆ! ಥೂ, ಅವನ ಬುದ್ಧಿಗಿಷ್ಟು.

ಆಮೇಲೆ ಯಾರನ್ನೂ ಮುಟ್ಟಗೊಡಲಿಲ್ಲ. ಆ ಕಾಲದ ರೇಸಿನವರು ಬೇರೆಯಾಗಿ ತರಿಸಿ ಹಾಕಿಕೊಳ್ಳುತ್ತಿದ್ದ ಸೈಲೆನ್ಸರ್, ಶಾಕ್ ಅಬ್ಸಾರ್ಬರ್, ಅಗಲ ಹ್ಯಾಂಡಲ್‌ಗಳನ್ನೇ ಹುಡುಕಿ ಅಲೆದೆ. ನಾಗಮಂಗಲದ ಬಿಡಿಭಾಗದ ಅಂಗಡಿಯ ಒಬ್ಬ ಪಂಡಿತ ಥಳಥಳಿಸುವ ಹೊಸ ಸೈಲೆನ್ಸರ್ ಚಾಚಿ, "ಯಾರ್ ಸಾ ಅಷ್ಟೊಂದು ನೋಡ್ತಾರೆ?" ಅಂದ. ನಾನು ನೋಡ್ತೀನಿ ಕಣಯ್ಯ ಅಂದು ಎದ್ದು ಬಂದೆ. ಒಂದೊಂದನ್ನೂ ಹಳೇ ಚಿತ್ರಗಳಿಗೆ ಹೋಲಿಸಿ, ನನ್ನ ಕೈಯಾರೆ ಕೂರಿಸಿದೆ.

ಹಳೇ ಹ್ಯಾಂಡಲ್‌ನ ಎಡಭಾಗ ವಿಕಾರವಾಗಿ ಬಗ್ಗಿತ್ತು. ಅಣ್ಣ ಎಲ್ಲೋ ಬಿದ್ದಿದ್ದಾನೆ, ನೆಟ್ಟಗೆ ಮಾಡಿಸುವಷ್ಟೂ ಜ್ಞಾನವಿಲ್ಲ ಎಂದು ಬೈದುಕೊಂಡು ಗುಜರಿ ಗಾಡಿಗೆ ಎಸೆದೆ. ರೇಸಿನ ದಿನದವರೆಗೂ ಬೈಕನ್ನು ಅಣ್ಣನಿಗೆ ತೋರಿಸಲಿಲ್ಲ.

ಆವತ್ತು ರೇಸು ಶುರುವಾಗುವ ಗೆರೆಯಲ್ಲಿ ಅವನು ಟ್ಯಾಂಕು ಸವರಿ, ನಗುತ್ತಾ ಹತ್ತಿ ಕೂತ. ಬಲಗೈ ಸರಿಯಾಗಿ ಹಿಡಿಯಿತು. ಎಡಗೈ ಹಿಡಿಯ ಮೇಲೆ ಬಂತು, ಮಣಿಕಟ್ಟು ತಿರುಗಲಿಲ್ಲ, ಬೆರಳು ಕ್ಲಚ್ಚಿಗೆ ಎಟುಕಲಿಲ್ಲ. ಮತ್ತೆ ಪ್ರಯತ್ನಿಸಿದ. ಪಕ್ಕದವರೆಲ್ಲ ಇಂಜಿನ್ ಶುರುಮಾಡಿದ್ದರು.

"ಹಳೇ ಹ್ಯಾಂಡ್ಲು ಎಲ್ಲಲಾ?"

"ಸೊಟ್ಟಗಿತ್ತು ಕಣಣ್ಣ. ಗುಜರಿಗಾಕ್ಬುಟ್ಟೆ."

"ಸೊಟ್ಟಗಿರದು ನನ್ ಕೈ ಕಣ್ಲಾ. ಮೂಳೆ ಮುರ್ದು ಇಂಗೇ ಕೂಡ್ಕತ್ತು. ಮಾಕವಳ್ಳಿ ವೆಲ್ಡರು ಕೈ ನೋಡ್ಕಂಡು, ಅದುಕ್ ತಕ್ಕಂಗೆ ಹ್ಯಾಂಡ್ಲು ಕಾಯ್ಸಿ, ಬಗ್ಗುಸ್ಕೊಟ್ಟಿದ್ದ."

ದಿನಾ ಅವನ ಪಕ್ಕದಲ್ಲೇ ಕೂತು ಉಣ್ಣುವವನು ನಾನು. ತಟ್ಟೆ ಹಿಡಿಯುವ ಆ ಕೈಯನ್ನು ಒಂದು ದಿನವೂ ನೋಡಿರಲಿಲ್ಲ. ಅಣ್ಣ ಇಳಿದು, ನನ್ನ ಚೆಂದದ ಬೈಕನ್ನು ಬಲಗೈಯಲ್ಲಿ ತಳ್ಳಿಕೊಂಡು ಹೊರಹೋಗುವ ಗೇಟಿನ ಕಡೆ ನಡೆದ.