ಕೈ ಎತ್ತಿ ಆರಿಸಿದ ಪುಸ್ತಕ

ಯುದ್ಧ ಮುಗಿದ ಹೊಸತು. ಸ್ವರಾಜ್ಯ ಬರುತ್ತದಂತೆ, ಎಲ್ಲರಿಗೂ ಓಟಂತೆ ಎಂಬ ಮಾತು ಹೊಸೂರಿನಲ್ಲೆಲ್ಲ ಓಡಾಡುತ್ತಿತ್ತು. ನಮ್ಮ ವಾಚನಾಲಯದ ಅಧ್ಯಕ್ಷರಿಗೆ ಅಮೆರಿಕದ ಚುನಾವಣೆಯ ಪುಸ್ತಕ ತರಿಸುವ ಹುಕಿ ಬಂತು. ಅವರು ಬಾಗಲೂರು ಕಡೆಯ ದೊಡ್ಡ ಜಮೀನುದಾರರು. ನಾನು ಮೇಷ್ಟ್ರಾಗಿದ್ದ ಶಾಲೆಯ ಸಮಿತಿಗೂ ಅವರೇ ಯಜಮಾನರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ತರಲು ಹೋದ ನನ್ನ ಕೈಗೆ ಬೆಂಗಳೂರಿನ ಅಂಗಡಿಯವನು ಎರಡು ಪುಸ್ತಕ ಕೊಟ್ಟು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸೋಮವಾರ ವಾಪಸು ತನ್ನಿ ಎಂದ. ಒಂದು ಅಲ್ಲಿನ ಪಕ್ಷಗಳ ಚರಿತ್ರೆ. ಇಟ್ಟಿಗೆಯಷ್ಟು ದಪ್ಪ, ಬೆನ್ನಿಗೆ ಚಿನ್ನದ ಅಕ್ಷರ. ಓದುವವರೇ ಕತ್ತರಿಸಿ ಬಿಡಿಸಿಕೊಳ್ಳಬೇಕಾದ ಹಾಳೆಗಳ ಅಂಚನ್ನು ಇನ್ನೂ ಕತ್ತರಿಸಿರಲಿಲ್ಲ, ಇವತ್ತಿಗೂ ಯಾರೂ ಕತ್ತರಿಸಿಲ್ಲ. ಇನ್ನೊಂದು ತೆಳ್ಳನೆಯದು. ಓಟು ಹಾಕುವವನು ಸ್ವಂತ ಬುದ್ಧಿಯಿಂದ ಹಾಕುತ್ತಾನೋ, ಬೇರೆಯವರ ಮುಖ ನೋಡಿ ಹಾಕುತ್ತಾನೋ ಎಂಬ ವಿಚಾರ. ವಾಪಸು ಬರುವ ಬಸ್ಸು ಊರ ಹತ್ತಿರದ ಜೂಜುವಾಡಿ ದಾಟುವ ಹೊತ್ತಿಗೆ ಅದರಲ್ಲಿ ಕೊನೆಯ ಅಧ್ಯಾಯವೊಂದೇ ಉಳಿದಿತ್ತು. ನಾಳೆ ಓಟು ಹಾಕಬೇಕಾದ ನಮ್ಮೂರಿಗೆ ಇದೇ ಬೇಕು ಎಂದು ನಿಶ್ಚಯಿಸಿಕೊಂಡೆ.

ಭಾನುವಾರದ ವಾಚನಾಲಯದ ಸಭೆಯಲ್ಲಿ ಅಧ್ಯಕ್ಷರು, ಊರಿನ ವಕೀಲರು, ಆಸ್ಪತ್ರೆಯ ಕಾಂಪೌಂಡರ್, ಕಾರ್ಯದರ್ಶಿಯಾದ ನಾನು, ಇಷ್ಟೇ ಜನ. ತೆಳ್ಳನೆಯದರ ಪರವಾಗಿ ಅರ್ಧ ಗಂಟೆ ಮಾತಾಡಿದೆ. ಅಧ್ಯಕ್ಷರು ದಪ್ಪ ಪುಸ್ತಕ ತೆರೆದರು. ಮೊದಲ ಪುಟದಲ್ಲೇ ಒಂದು ಪಕ್ಷದ ಗುರುತಾದ ಕತ್ತೆಯ ಚಿತ್ರ.

"ಕತ್ತೆ ಗುರ್ತು ಇಟ್ಕೊಂಡು ಗೆದ್ದವ್ರಾ? ಹಂಗಾದ್ರೆ ನಮ್ಮೋರೂ ಗೆಲ್ಬೋದು ಬುಡಿ!"

ಅವರು ನಕ್ಕ ಮೇಲೆ ಎಲ್ಲರೂ ನಕ್ಕೆವು. ಆಮೇಲೆ ತೆಳ್ಳನೆಯದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಓಟು ಹಾಕೋನ ಮನ್ಸು ತಿಳ್ಕೊಳ್ಳಾಕೆ ಪುಸ್ತಕ ಬೇರೆ ಬೇಕಾ ಮೇಷ್ಟ್ರೇ? ನನ್ನ ಕೇಳಿ, ಯೋಳ್ತೀನಿ. ಆದ್ರೂ ನಂದೇನೂ ಬಲವಂತ ಇಲ್ಲ. ಕೈ ಎತ್ತಿ, ನೋಡಾಣ."

ಮೊದಲ ಕೈ ಅಧ್ಯಕ್ಷರದ್ದೇ ಏಳಬೇಕೆಂಬುದು ನಮ್ಮ ವಾಡಿಕೆ. ದಪ್ಪದ್ದಕ್ಕೆ ಎದ್ದಿತು. ಸಭೆಗೆ ಮುಂಚೆ ಜಗಲಿಯಲ್ಲಿ ನನ್ನ ಬೆನ್ನು ತಟ್ಟಿ "ನಿಮ್ಮ ಕಡೇನೇ ಸಾರ್" ಎಂದಿದ್ದ ಕಾಂಪೌಂಡರ್ ಕೈ ಎದ್ದಿತು. ವಕೀಲರದ್ದಂತೂ ಅಧ್ಯಕ್ಷರ ಕೈಯನ್ನೇ ಹಿಂದಿಕ್ಕುವ ಆತುರದಲ್ಲಿತ್ತು. ಉಳಿದದ್ದು ನನ್ನದು. ಅಧ್ಯಕ್ಷರು ನನ್ನತ್ತ ನೋಡಲೂ ಇಲ್ಲ, ಕನ್ನಡಕ ಒರೆಸುತ್ತ ಕೂತಿದ್ದರು. ಅಷ್ಟು ಸಾಕಾಯಿತು. ನನ್ನ ಕೈಯೂ ಎದ್ದಿತು. ಸರ್ವಾನುಮತ ಎಂದು ನಡಾವಳಿಯಲ್ಲಿ ಬರೆದವನೂ ನಾನೇ.

ಮರುದಿನ ತೆಳ್ಳನೆಯದನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕೊನೆಯ ಅಧ್ಯಾಯ ಓದಲು ಬೆಂಗಳೂರಿನವರೆಗೂ ಸಮಯವಿತ್ತು. ಕಾಗದ ಬಿಚ್ಚಲು ನಾಚಿಕೆಯಾಯಿತು. ಮುಂದಿನ ತಿಂಗಳೇ ನನ್ನ ಕೆಲಸ ಕಾಯಂ ಆಯಿತು.