ಚಿಗವ್ವನ ಸ್ತೋತ್ರದ ಮೊದಲರ್ಧ

ಆ ಕ್ರಿಸ್ಮಸ್ಸಿನ ಮಧ್ಯಾಹ್ನ ಮನೆಯ ಕೋಳಿ ಕೊಯ್ದಿದ್ದರೋ, ಪೇಟೆಯಿಂದ ಕುರಿ ಮಾಂಸ ತಂದಿದ್ದರೋ, ಈಗ ನನಗೆ ಖಾತ್ರಿಯಿಲ್ಲ. ಚಿಗವ್ವನ, ಅಂದರೆ ನನ್ನ ಚಿಕ್ಕಮ್ಮನ, ಕೂಸು ಅವಳ ತೊಡೆಯ ಮೇಲೆ ಮಲಗಿತ್ತು ಎಂದು ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ತಮ್ಮ ಮಾತ್ರ ಅದು ಒಳಗೆ ತೊಟ್ಟಿಲಲ್ಲಿತ್ತು, ತೂಗುತ್ತಿದ್ದವನು ತಾನೇ ಎಂದು ಹಟ ಹಿಡಿಯುತ್ತಾನೆ. ಅವನು ಹೇಳುವುದೇ ಸರಿ ಇದ್ದೀತು. ದಿನಚರಿ ಬರೆಯುವ ಚಟ ನನಗೆ ಕಾಲೇಜಿನಿಂದಲೂ ಇದೆ, ಆದರೆ ಆ ವಾರ ನಾನು ಬರೆದಿರುವುದೆಲ್ಲ ಬಸ್ಸಿನ ನೂಕುನುಗ್ಗಲು ಮತ್ತು ನನ್ನ ಹಲ್ಲುನೋವಿನ ಬಗ್ಗೆ. ಕಲಬುರಗಿಯಲ್ಲಿ ಇತಿಹಾಸದ ಎಂ.ಎ. ಓದುವಾಗ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನೇ ಹೆಚ್ಚು ಅನುಮಾನದಿಂದ ನೋಡಬೇಕೆಂದು ಹೇಳಿಕೊಟ್ಟಿದ್ದರು. ಆ ಪಾಠವನ್ನು ನನ್ನ ಮೇಲೆಯೇ ಪ್ರಯೋಗಿಸಿದ್ದೇನೆ. ಮಾಂಸ, ತೊಟ್ಟಿಲು, ಯಾರು ಯಾವ ಸೀರೆ ಉಟ್ಟಿದ್ದರು, ಎಲ್ಲವನ್ನೂ ಬಿಟ್ಟುಕೊಡುತ್ತೇನೆ. ಆದರೆ ಒಂದು ಮಾತನ್ನು ಬಿಟ್ಟುಕೊಡಲಾರೆ. ನಮ್ಮ ಮನೆಯವರು ಆ ಮಾತನ್ನು ಅರ್ಧಕ್ಕೆ ಕತ್ತರಿಸಿ, ಉಳಿದರ್ಧವನ್ನು ವರ್ಷ ವರ್ಷವೂ ಮೆರೆಸುತ್ತಿದ್ದಾರೆ.

ನಮ್ಮದು ದೊಡ್ಡ ಮನೆತನ. ಅಜ್ಜ ಶಹಾಪುರದಲ್ಲಿ ಶಾಲೆಯ ಮಾಸ್ತರರಾಗಿದ್ದರು. ಭಾನುವಾರ ಗೋಗಿ ಕಡೆಯ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿ ಸುವಾರ್ತೆಯ ಪ್ರಸಂಗ ಮಾಡಿ ಬರುತ್ತಿದ್ದರು. ಅವರ ಮಕ್ಕಳು ಯಾದಗಿರಿ, ಸುರಪುರ ಎಂದು ಚದುರಿ ಹೋಗಿದ್ದರೂ ಕ್ರಿಸ್ಮಸ್ಸಿಗೆ ಶಹಾಪುರದ ಮನೆಗೆ ಬರಲೇಬೇಕು. ಹಬ್ಬ ಸರಳವಾಗಿರಬೇಕು ಎಂಬುದು ಅಜ್ಜ ಹಾಕಿಕೊಟ್ಟ ಪದ್ಧತಿ. ದೊಡ್ಡವರಿಗೆ ಹೊಸ ಬಟ್ಟೆ ಇಲ್ಲ, ಇದ್ದದ್ದನ್ನು ಒಗೆದು ಇಸ್ತ್ರಿ ಮಾಡಿಕೊಂಡರಾಯಿತು. ನಕ್ಷತ್ರವನ್ನು ಬಿದಿರ ಕಡ್ಡಿಗೆ ಗಾಳಿಪಟದ ಹಾಳೆ ಅಂಟಿಸಿ ಮನೆಯಲ್ಲೇ ಮಾಡಬೇಕು. ಸಿಹಿಗೆ ಶೇಂಗಾದ ಹೋಳಿಗೆ, ಕರ್ಚಿಕಾಯಿ. ಕೇಕು ಯಾರಾದರೂ ತಂದರೆ ತಿನ್ನಬಹುದು, ಕೇಳಬಾರದು. ಮಲಗಲು ಸಾಲಾಗಿ ಹಾಸಿದ ಜಮಖಾನಿ, ಒಂದು ಕೌದಿಗೆ ಮೂವರು ಮಕ್ಕಳು. ಆ ಕೌದಿಯ ಜಗಳದಲ್ಲಿ ನಾನು ಪಟ್ಟ ಸುಖವನ್ನು ಆಮೇಲೆ ಯಾವ ಹಾಸ್ಟೆಲ್ಲಿನ ಮಂಚದ ಮೇಲೂ ಪಟ್ಟಿಲ್ಲ. ಸರಳತೆಯ ಬಗ್ಗೆ ನನಗೆ ತಕರಾರಿಲ್ಲ, ಕೃತಜ್ಞತೆಯ ಬಗ್ಗೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲಿ ಈ ಮಾತು ಎತ್ತಿದಾಗಲೆಲ್ಲ, "ಓದಿ ಓದಿ ದೇವರ ಮ್ಯಾಲಿನ ಭಯ ಹೋಗ್ಯಾದ ಇಕಿಗೆ" ಎನ್ನುತ್ತಾರೆ.

ಊಟಕ್ಕೆ ಮುಂಚೆ ಸ್ತೋತ್ರ ಹೇಳುವುದು ನಮ್ಮಲ್ಲಿ ರೂಢಿ. ಎಲ್ಲರೂ ದುಂಡಗೆ ಕೂತು, ಒಬ್ಬೊಬ್ಬರಾಗಿ ಆ ವರ್ಷ ದೇವರು ಮಾಡಿದ ಒಂದು ಉಪಕಾರವನ್ನು ಹೇಳಬೇಕು. ಕಟ್ಟಳೆಗಳು ಎರಡು: ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ, ಕೊನೆಯವರು ಹೇಳಿ ಮುಗಿಸುವ ತನಕ ಅನ್ನದ ಬೋಗುಣಿಯ ಮುಚ್ಚಳ ತೆಗೆಯುವ ಹಾಗಿಲ್ಲ. ಮೊದಲು ದೊಡ್ಡಪ್ಪ, ಆಮೇಲೆ ಮನೆಯ ಗಂಡಸರು, ಆಮೇಲೆ ಮಕ್ಕಳು. ಸೊಸೆಯಂದಿರು ಒಲೆ ಬಿಟ್ಟು ಬರುವುದು ತಡವಾಗುತ್ತದೆಂದು ಅವರ ಸರದಿ ಕೊನೆಗೆ. ಆ ಹೊತ್ತಿಗೆ ಆರೋಗ್ಯ, ಬೆಳೆ, ನೌಕರಿ, ಪರೀಕ್ಷೆ ಎಲ್ಲ ಖಾಲಿಯಾಗಿರುತ್ತಿತ್ತು. ಒಂದು ವರ್ಷ ನಮ್ಮವ್ವ ಎದ್ದು ನಿಂತು, "ರೊಟ್ಟಿ ಹಂಚು ಬಿರುಕು ಬಿಡಲಿಲ್ಲ, ಅದಕ್ಕ ಸ್ತೋತ್ರ" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ವರ್ಷವಿಡೀ ದುಡಿದವಳ ಪಾಲಿಗೆ ಹಂಚೊಂದೇ ಉಳಿದದ್ದು ನನಗೆ ಹೊಳೆದದ್ದು ಎಷ್ಟೋ ತಡವಾಗಿ.

ಸಣ್ಣ ಕಾಕಾ, ಅಂದರೆ ಅಪ್ಪನ ಕೊನೆಯ ತಮ್ಮ, ಕಡೇಚೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದ. ಆ ವರ್ಷದ ಮಳೆಗಾಲದಲ್ಲಿ ಕೆಲಸ ಮುಗಿಸಿ ಬರುವಾಗ ಅವನ ಬೈಕಿಗೆ ಲಾರಿ ಬಡಿದು ಹೋಗಿಬಿಟ್ಟ. ಚಿಗವ್ವ ಅವನ ಹೆಂಡತಿ. ಹುಣಸಗಿಯ ಹುಡುಗಿ, ಮದುವೆಯಾಗಿ ಎರಡು ವರ್ಷ ತುಂಬಿತ್ತೋ ಇಲ್ಲವೋ. ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಂಥ ಸ್ಥಿತಿಯಲ್ಲೂ ಅವಳು ಹಬ್ಬಕ್ಕೆ ಬಂದಳು, ಒಲೆಯ ಮುಂದೆ ಕೂತಳು, ಕರ್ಚಿಕಾಯಿ ಕರಿದಳು.

ದೊಡ್ಡಪ್ಪ ಖುರ್ಚಿಯಲ್ಲಿ ಕೂತು, ಸತ್ಯವೇದ ಮುಚ್ಚಿ, ಅಜ್ಜ ಹೋದ ಮೇಲೆ ಪ್ರತಿ ವರ್ಷ ಹೇಳುತ್ತಿದ್ದ ಸ್ತೋತ್ರವನ್ನೇ ಹೇಳಿದರು. "ಈ ವರ್ಷನೂ ಎಲ್ಲಾರನ್ನೂ ಕಾಪಾಡಿ, ಒಬ್ಬರನ್ನೂ ಕಡಿಮಿ ಮಾಡದ ಇಲ್ಲಿ ಕೂಡಿಸಿದಿ, ಸ್ತೋತ್ರ ಕರ್ತನೇ."

ಎಲ್ಲರೂ ಆಮೆನ್ ಎಂದರು. ಇದು ಬಾಯಿಪಾಠದ ತಪ್ಪು ಎಂದು ನಾನು ಇವತ್ತಿಗೂ ನಂಬುತ್ತೇನೆ. ಸತ್ತವನು ಅವರಿಗೆ ಮಗನಂತಿದ್ದ ತಮ್ಮ, ಬೇಕೆಂದು ಅನ್ನಲಿಲ್ಲ. ಮನುಷ್ಯರ ನಾಲಿಗೆ ಅಭ್ಯಾಸದ ದಾರಿಯಲ್ಲಿ ಓಡುತ್ತದೆ. ಅಲ್ಲಿಯೇ ತಡೆದು, "ತಪ್ಪಾತವ್ವ" ಎಂದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆದರೆ ದುಂಡು ಮುಂದೆ ಸಾಗಿತು. ಒಬ್ಬ ಕಾಕಾ ಹತ್ತಿಯ ಬಗ್ಗೆ ಹೇಳಿದರು. ಪಿಯುಸಿಯಲ್ಲಿದ್ದ ಒಬ್ಬಳು, "ಗಣಿತದ ಸರ್ ಬ್ಯಾರೆ ಊರಿಗೆ ಟ್ರಾನ್ಸ್‌ಫರ್ ಆದ್ರು, ಸ್ತೋತ್ರ" ಎಂದು ಬೈಸಿಕೊಂಡಳು. ಹೀಗೆ ನಗುತ್ತ ನಗುತ್ತ ಸರದಿ ಸೊಸೆಯಂದಿರ ಕಡೆ ಬಂದು, ಕೊನೆಗೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದ ಚಿಗವ್ವನ ಹತ್ತಿರ ನಿಂತಿತು. ಅಲ್ಲೇ, ಒಂದು ಮೊಳದ ದೂರದಲ್ಲಿ, ಮೊಣಕಾಲು ನೋವೆಂದು ಗೋಡೆಗೆ ಬೆನ್ನು ಕೊಟ್ಟು ಅಪ್ಪ ಕೂತಿದ್ದರು. ಅವರ ಪಕ್ಕಕ್ಕೆ ನಾನು.

"ನಂದೇನಿಲ್ರಿ" ಎಂದಳು ಚಿಗವ್ವ.

"ಇಲ್ಲ ಅನ್ನಬಾರದವ್ವ" ಎಂದರು ದೊಡ್ಡಪ್ಪ. "ಒಂದರೆ ಇರ್ತದ."

"ಕೂಸು ಅದ ಅಲ್ಲೇನು, ಅದಕ್ಕ ಹೇಳು" ಎಂದಳು ದೊಡ್ಡವ್ವ.

"ಮಕ್ಕಳ ಸಲುವಾಗಿ ನೀವ ಹೇಳೀರಿ ಅಕ್ಕಾರ. ಹೇಳಿದ್ದು ಮತ್ತ ಹೇಳಂಗಿಲ್ಲ ಅಂತ ನಿಮ್ಮ ಮನಿ ಕಾನೂನ."

"ಮಾತಿಗೇನ ಕಡಿಮಿಲ್ಲ, ಸ್ತೋತ್ರಕ್ಕ ಕಡಿಮಿ" ಎಂದರು ಯಾರೋ ಗಂಡಸರು. ಯಾರೆಂದು ನೆನಪಿಲ್ಲ, ನೆನಪಿದ್ದರೂ ಬರೆಯುತ್ತಿರಲಿಲ್ಲವೇನೋ.

ದೊಡ್ಡಪ್ಪ ಕಾದರು. ಮುಚ್ಚಿದ ಬೋಗುಣಿಯಿಂದ ಬಗಾರದ ಅನ್ನದ ಮಸಾಲೆ ವಾಸನೆ ಬರುತ್ತಿತ್ತು. ಚಿಕ್ಕ ಮಕ್ಕಳು ರಾಗ ಎಳೆಯತೊಡಗಿದವು. ಎಲ್ಲರ ಕಣ್ಣು ಚಿಗವ್ವನ ಮೇಲೆ. ಹಸಿದ ಮಕ್ಕಳನ್ನು ಮುಂದಿಟ್ಟುಕೊಂಡು ಒಬ್ಬ ಹೆಂಗಸಿನಿಂದ ಕೃತಜ್ಞತೆ ವಸೂಲಿ ಮಾಡುವುದಕ್ಕೆ ನಾವು ಇಟ್ಟ ಹೆಸರು ಹಬ್ಬ. ಆಯಿ, ಅಪ್ಪನ ತಾಯಿ, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಅವಳಾದರೂ ಬಾಯಿ ಬಿಡುತ್ತಾಳೆಂದು ನೋಡಿದೆ. ಬಿಡಲಿಲ್ಲ.

ಆಗ ಚಿಗವ್ವ ಎದ್ದು ನಿಂತಳು. ಅಷ್ಟೇನೂ ಗಟ್ಟಿಯಾಗಿ ಹೇಳಲಿಲ್ಲ, ಆದರೆ ಅಷ್ಟೂ ಮಂದಿಗೆ ಕೇಳಿಸುವ ಹಾಗೆ ಹೇಳಿದಳು. "ಒಬ್ಬರೂ ಕಡಿಮಿ ಆಗಿಲ್ಲ ಅಂದ್ರಿ ಭಾವಾರ. ಆ ಮಾತು ಕೇಳಿನೂ ಇಲ್ಲೇ ಕುಂಡ್ರೂವಷ್ಟು ಶಕ್ತಿ ಕೊಟ್ಟಾನ. ಅದಕ್ಕ ಸ್ತೋತ್ರ."

ಯಾರೂ ಆಮೆನ್ ಅನ್ನಲಿಲ್ಲ. ಅವಳೇ ಒಳಗೆ ಹೋಗಿ ಮುಚ್ಚಳ ತೆಗೆದು, ಬಡಿಸಲು ಶುರು ಮಾಡಿದಳು. ಊಟವಾದ ಮೇಲೆ ದೊಡ್ಡಪ್ಪ ಅಪ್ಪನಿಗೆ, "ಬರೂ ವರ್ಷ ಆಕಿ ಮನಸ ಗಟ್ಟಿ ಆದ ಮ್ಯಾಲ ಬರ್ಲಿ" ಎಂದದ್ದನ್ನು ನಾನು ಕೈ ತೊಳೆಯುತ್ತ ಕೇಳಿಸಿಕೊಂಡೆ. ಅವಳ ಮನಸ್ಸು ಎಷ್ಟು ಗಟ್ಟಿಯಿತ್ತೆಂದು ಅದೇ ತಾನೇ ನೋಡಿದ್ದರು. ಜನವರಿಗೆ ಚಿಗವ್ವ ಕೂಸಿನೊಂದಿಗೆ ಹುಣಸಗಿಯ ತವರಿಗೆ ಹೋದಳು. ಈಗ ಅಲ್ಲಿಯೇ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಶಹಾಪುರದ ಮನೆಗೆ ಮತ್ತೆ ಬಂದಿಲ್ಲ. ಬಾ ಎಂದು ಯಾರೂ ಕರೆಯಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ, ನಮ್ಮವರು ಮರ್ಯಾದಸ್ಥರು.

ಇಷ್ಟೇ ಆಗಿದ್ದರೆ ಇದು ಎಲ್ಲರೂ ಮೆಲ್ಲಗೆ ಮರೆಯುವ ಸಂಗತಿಯಾಗುತ್ತಿತ್ತು. ಆದರೆ ಎರಡು ಮೂರು ವರ್ಷ ಕಳೆದ ಮೇಲೆ, ಚರ್ಚಿನ ಸುಗ್ಗಿ ಹಬ್ಬದ ಆರಾಧನೆಯಲ್ಲಿ ದೊಡ್ಡಪ್ಪ ಸಾಕ್ಷಿ ಹೇಳಲು ಎದ್ದು ನಿಂತರು. ಜೋಳದ ತೆನೆ, ಕುಂಬಳಕಾಯಿ ಜೋಡಿಸಿಟ್ಟ ವೇದಿಕೆಯ ಮುಂದೆ ನಿಂತು, "ನಮ್ಮ ಮನ್ಯಾಗ ಒಬ್ಬ ಸೊಸಿ ಅದಾಳ. ಗಂಡ ಹೋದ ವರ್ಷನ ಎದ್ದು ನಿಂತು, ಶಕ್ತಿ ಕೊಟ್ಟಾನ, ಅದಕ್ಕ ಸ್ತೋತ್ರ ಅಂದ್ಳು" ಎಂದರು. ಸಭೆಯಲ್ಲಿ ಹೆಂಗಸರು ಅತ್ತರು. ನಾನೂ ಆ ಸಭೆಯಲ್ಲಿದ್ದೆ. ಒಂದು ಅಕ್ಷರವನ್ನೂ ಅವರು ಹೊಸದಾಗಿ ಸೇರಿಸಿರಲಿಲ್ಲ. ಮೊದಲರ್ಧವನ್ನು, ತಮ್ಮ ಮಾತನ್ನೇ ಎತ್ತಿ ಅವಳು ಅಂದದ್ದನ್ನು, ತೆಗೆದುಹಾಕಿದ್ದರು ಅಷ್ಟೇ.

ಅಲ್ಲಿಂದ ಈ ಕಥೆ ನಮ್ಮ ಮನೆಯ ಆಸ್ತಿಯಾಯಿತು. ಈಗ ಪ್ರತಿ ಕ್ರಿಸ್ಮಸ್ಸಿಗೆ ಸ್ತೋತ್ರ ಶುರುವಾಗುವ ಮುಂಚೆ ದೊಡ್ಡಪ್ಪ ಅದನ್ನು ಹೇಳುತ್ತಾರೆ, ಎಲ್ಲರೂ ಆಮೆನ್ ಎನ್ನುತ್ತಾರೆ. ಅಂದು ಅಲ್ಲಿ ಇಲ್ಲದಿದ್ದ ಹೊಸ ಸೊಸೆಯಂದಿರಿಗೆ ಅದೇ ಸತ್ಯ. ಅಲ್ಲಿದ್ದವರಿಗೂ ಈಗ ಅದೇ ಸತ್ಯವಾಗಿದೆಯೋ ಏನೋ. ಒಮ್ಮೆ ಅತ್ತೆಯೊಬ್ಬಳನ್ನು ಬದಿಗೆ ಕರೆದು ಕೇಳಿದೆ. "ಹಂಗೇನ ಅಂದಿದ್ದಿಲ್ಲ ಬಿಡವ್ವ. ನಿನಗ ಅವಾಗ ಹಲ್ಲನೋವಿತ್ತು" ಎಂದಳು. ಹಲ್ಲುನೋವು ಕಿವಿಗೆ ಬಂದಿರಲಿಲ್ಲ. ಆದರೂ ಆ ರಾತ್ರಿ ನನ್ನನ್ನೇ ವಿಚಾರಣೆ ಮಾಡಿಕೊಂಡೆ. ದೊಡ್ಡಪ್ಪನ ಮೇಲಿನ ಸಿಟ್ಟಿಗೆ ನಾನೇ ಒಂದು ಮಾತು ಹುಟ್ಟಿಸಿಕೊಂಡೆನೇ? ಅವಳು ಅನ್ನಬೇಕಿತ್ತು ಎಂದು ನಾನು ಬಯಸಿದ್ದನ್ನೇ ಅವಳ ಬಾಯಲ್ಲಿ ಇಟ್ಟೆನೇ? ಹೀಗೆ ಒಬ್ಬಳ ತಲೆಯಲ್ಲಿ ಅನುಮಾನ ಬಿತ್ತುವುದು ಎಷ್ಟು ಸುಲಭ ಎಂಬುದಕ್ಕೂ ನನಗೆ ಸಿಟ್ಟಿದೆ.

ಚಿಗವ್ವ ತಾನು ಬಾರದಿದ್ದರೂ ಮಗಳನ್ನು ಮಾತ್ರ ಪ್ರತಿ ಹಬ್ಬಕ್ಕೆ ಕಳಿಸುತ್ತಾಳೆ. ಅಪ್ಪನ ಮನೆಯ ಮಂದಿ ಹುಡುಗಿಗೆ ಬೇಕು ಎನ್ನುತ್ತಾಳೆ. ಸುರಪುರದ ಅತ್ತೆ ಹುಣಸಗಿಗೆ ಹೋಗಿ ಬಸ್ಸಿನಲ್ಲಿ ಕರೆತರುತ್ತಾಳೆ. ಹೋದ ಕ್ರಿಸ್ಮಸ್ಸಿನಲ್ಲಿ ಹುಡುಗಿ ಮೊದಲ ಸಲ ಸ್ತೋತ್ರದ ದುಂಡಿನಲ್ಲಿ ದೊಡ್ಡವರ ಸಾಲಿಗೆ ಕೂತಿದ್ದಳು. ದೊಡ್ಡಪ್ಪ ಕಥೆ ಮುಗಿಸಿ ಅವಳ ಕಡೆ ತಿರುಗಿ, "ನಿಮ್ಮವ್ವನ ಹಂಗ ಆಗು" ಎಂದರು. ಹುಡುಗಿ ನಾಚಿ ತಲೆ ಆಡಿಸಿದಳು.

ಊಟವಾದ ಮೇಲೆ ಹಿತ್ತಲಲ್ಲಿ ತಾಟು ಒರೆಸುವಾಗ ಅವಳು ನನ್ನನ್ನು ಕೇಳಿದಳು. "ಅಕ್ಕಾ, ನಮ್ಮವ್ವ ಖರೇನ ಹಂಗಂದಿದ್ಳಾ?"

"ಯಾಕ?"

"ಅಷ್ಟು ಖುಷಿಲೆ ಸ್ತೋತ್ರ ಹೇಳಿದ್ರ, ಮತ್ತ ಇಲ್ಲಿಗೆ ಯಾಕ ಬರಂಗಿಲ್ಲ ಆಕಿ? ನಾ ಕೇಳಿದ್ರ ಸುಮ್ಮನ ಆಗ್ತಾಳ. ಸಿಟ್ಟಿನಾಕಿ ಆಗ್ಯಾಳ ಅಂತ ಇಲ್ಲೆಲ್ಲಾರೂ ಅಂತಾರ."

ನಮ್ಮ ಮನೆಯ ಹೊಲಸು ಕೆಲಸ ಪೂರ್ತಿ ಕಂಡದ್ದು ಆಗ. ತಾಯಿ ಒಂದು ಕಾಲಕ್ಕೆ ದೈವಭಕ್ತೆಯಾಗಿದ್ದಳು, ಆಮೇಲೆ ಕಾರಣವಿಲ್ಲದೆ ಮುನಿಸಿಕೊಂಡು ದೂರ ಹೋದಳು ಎಂದು ಈ ಹುಡುಗಿ ತಿಳಿದು ಬೆಳೆಯಬೇಕು. ದೊಡ್ಡಪ್ಪನ ಒಂದು ತಪ್ಪು ಮುಚ್ಚಲು ಅವಳ ತಾಯಿಯನ್ನೇ ಅವಳಿಗೆ ಅರ್ಥವಾಗದವಳನ್ನಾಗಿ ಮಾಡಿದ್ದೇವೆ. ಪೂರ್ತಿ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೂ ನನ್ನೊಬ್ಬಳ ನೆನಪಿನ ಮೇಲೆ, ಮಾಂಸ ಯಾವುದೆಂದೂ ಹೇಳಲಾಗದವಳ ನೆನಪಿನ ಮೇಲೆ, ಒಂದು ಮಗುವಿಗೆ ಅವಳ ತಾಯಿಯ ಮಾತನ್ನು ಕೊಡುವುದು ಹೇಗೆ? "ತಿಳಕೊಂಡು ಹೇಳ್ತೀನಿ" ಎಂದೆ.

ಯಾದಗಿರಿಯ ನಮ್ಮ ಮನೆಗೆ ಮರಳಿ ಚಿಗವ್ವನಿಗೆ ಫೋನ್ ಮಾಡಿದೆ. ಹುಡುಗಿಯ ಓದು, ಅಂಗನವಾಡಿಯ ಮೊಟ್ಟೆ, ಎಲ್ಲ ಮಾತಾಡಿ ಕೊನೆಗೆ ಕೇಳಿದೆ.

"ಏನಂದಿದ್ನೋ ಯವ್ವಾ, ನನಗ ಗೊತ್ತಿಲ್ಲ" ಎಂದಳು. "ಆ ವರ್ಷ ಅನ್ನೂದ ನನ್ನ ತಲ್ಯಾಗಿಲ್ಲ. ಬಡಿಸಿದ್ದು ನೆನಪದ. ಕೈ ಸುಟ್ಟಿತ್ತು, ಅದು ನೆನಪದ. ಮಾತು ನೆನಪಿಲ್ಲ." ಆಮೇಲೆ, "ಯಾಕ, ಏನರೆ ಕೆಟ್ಟದ್ದು ಅಂದಿದ್ನೇನು ನಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಅಳುಕಿತ್ತು. ತನ್ನ ಮಾತು ಕಳೆದುಕೊಂಡವಳಿಗೆ ಮೇಲೆ ಈ ಅಳುಕು ಬೇರೆ. ಇಲ್ಲ ಚಿಗವ್ವ, ಕೆಟ್ಟದ್ದೇನೂ ಅನ್ನಲಿಲ್ಲ ಎಂದೆ.

ಇನ್ನು ಉಳಿದವರು ಅಪ್ಪ. ದೊಡ್ಡಪ್ಪ ಹೇಳುವುದು ಏನೆಂದು ಗೊತ್ತೇ ಇದೆ, ಆಯಿ ಈಗಿಲ್ಲ, ಅವ್ವ ತನ್ನ ಸರದಿ ಮುಗಿಸಿ ಒಲೆಯ ಹತ್ತಿರ ಹೋಗಿದ್ದೆ ಎನ್ನುತ್ತಾಳೆ, ತಮ್ಮ ತೊಟ್ಟಿಲ ಹತ್ತಿರ ಇದ್ದೆ ಎನ್ನುತ್ತಾನೆ. ಚಿಗವ್ವನಿಂದ ಒಂದು ಮೊಳ ದೂರ ಕೂತಿದ್ದವರು ಅಪ್ಪ. ಕಚೇರಿಯಲ್ಲಿ ಇಡೀ ಜೀವಮಾನ ಮಂದಿಯ ಹೇಳಿಕೆಗಳನ್ನು ಅಕ್ಷರ ತಪ್ಪದ ಹಾಗೆ ಬರೆದುಕೊಂಡ ಗುಮಾಸ್ತರು. ಭಾನುವಾರ ಆರಾಧನೆ ಮುಗಿಸಿ ಬಂದು, ಪಡಸಾಲೆಯಲ್ಲಿ ಕೂತು ಬೇಯಿಸಿದ ತೊಗರಿಕಾಯಿ ಬಿಡಿಸಿ ತಿನ್ನುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಎದುರಿಗೆ ಕೂತು, ಹುಡುಗಿ ಕೇಳಿದ್ದನ್ನು ಹೇಳಿದೆ. ಚಿಗವ್ವ ಫೋನಿನಲ್ಲಿ ಅಂದದ್ದನ್ನೂ ಹೇಳಿದೆ.

"ಹಳೇದೆಲ್ಲ ಯಾಕ ಕೆದರ್ತಿ" ಎಂದರು. "ಅಣ್ಣಗ ವಯಸ್ಸಾಗ್ಯಾದ."

"ಹುಡುಗಿಗೆ ವಯಸ್ಸಾಗಿಲ್ಲ" ಎಂದೆ.

ಅವರು ಸಿಪ್ಪೆಗಳನ್ನು ಹಾಳೆಯ ಮೇಲೆ ಒಂದು ಕಡೆ ಗುಡ್ಡೆ ಮಾಡಿದರು. ಆಮೇಲೆ ನಾನು ಕೇಳಿದ ಮಾತಿಗೆ ಅವರು ಅಂದೂ ಏನೂ ಹೇಳಲಿಲ್ಲ, ಇದನ್ನು ಬರೆಯುವ ಈ ದಿನದ ತನಕವೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟು: "ಅಪ್ಪಾ, ನೀವ ಆಕಿ ಬಾಜುಕ ಕುಂತಿದ್ರಿ. ಆಕಿ ಪೂರಾ ಏನಂದ್ಳು ಅನ್ನೂದು ನಿಮಗ ಕೇಳಿಸಿತ್ತೋ ಇಲ್ಲೋ?"