ಅತ್ತಿಗೆ ಮುಟ್ಟದ ಕಾಯಿ

ಇದನ್ನು ಹೇಳುವುದನ್ನು ನಾನು ಬಹಳ ಮುಂದಕ್ಕೆ ಹಾಕಿದೆ. ಮೊದಲು ಚುನಾವಣೆಯ ಕಾವು ಆರಲಿ ಎಂದುಕೊಂಡೆ. ಆಮೇಲೆ ಮೊಮ್ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅತ್ತಿಗೆಯೇ ಹೋಗಿಬಿಟ್ಟರು, ಇನ್ನು ಹೇಳಿ ಯಾರಿಗೇನು ಎಂದು ಸುಮ್ಮನಾದೆ. ಈಗ ಮತ್ತೆ ಪಂಚಾಯ್ತಿ ಚುನಾವಣೆ ಬರುತ್ತದೆ ಎನ್ನುತ್ತಿದ್ದಾರೆ. ನಮ್ಮೂರ ಗುಡಿಯ ತೊಲೆಗೆ ಕಟ್ಟಿದ ಕಾಯಿ ಇನ್ನೂ ಅಲ್ಲೇ ನೇತಾಡುತ್ತಿದೆ. ಅದರ ಕೆಳಗೆ ನಿಂತು ಕೈಮುಗಿಯಲು ನನ್ನಿಂದ ಆಗುತ್ತಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕಿವಿಯ ಪಕ್ಕ ಹಿಡಿದ ತೆಂಗಿನಕಾಯಿ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಒಣಗಲು ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಅಲ್ಲಾಡಿಸಿದಾಗ ಲೊಟಲೊಟ ಎನ್ನುತ್ತದೆ. ನೀರು ಉಳಿದಿದ್ದರೆ ಗುಳುಗುಳು ಎನ್ನುತ್ತದೆ. ಉಳಿದವರು ಅಟ್ಟದಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿ, ಅಲ್ಲೊಂದು ಇಲ್ಲೊಂದು ಅಲ್ಲಾಡಿಸಿ ನೋಡಿ, ಸುಲಿಯುವವರ ಮುಂದೆ ಸುರಿಯುತ್ತಾರೆ. ಅತ್ತಿಗೆ ಮಾತ್ರ ಒಂದೊಂದನ್ನೂ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಅಲ್ಲಾಡಿಸಿ, ಆಮೇಲೆ ಈ ಕಡೆಗೋ ಆ ಕಡೆಗೋ ಉರುಳಿಸುತ್ತಿದ್ದರು.

"ಇಷ್ಟು ನಿಧಾನ ಮಾಡಿದ್ರೆ ಯುಗಾದಿ ಬತ್ತದೆ ಅತ್ತಿಗೆ," ಎಂದರೆ, "ಬರ್ಲಿ ಬುಡು, ಅದಕ್ಕೇನು ಕೆಲ್ಸ," ಎನ್ನುತ್ತಿದ್ದರು.

ಓಟಿನ ವಿಷಯದಲ್ಲೂ ಅವರು ಹಾಗೇ. ಅಣ್ಣ ಇರುವವರೆಗೆ ಅಣ್ಣ ಹೇಳಿದ ಗುರುತಿಗೆ ಹಾಕಿ ಬರುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಬಂದ ಮೊದಲ ಚುನಾವಣೆಯಲ್ಲಿ ನಾನು ಹೋಗಿ, "ಅತ್ತಿಗೆ, ನಮ್ಮ ಗುರುತು ಗೊತ್ತಲ್ಲ," ಎಂದೆ. "ನಿಮ್ಮಣ್ಣನ ಗುರುತು ಗೊತ್ತು. ನಂದು ಯಾವ್ದು ಅಂತ ಇನ್ನೂ ನೋಡ್ಬೇಕು," ಎಂದರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಮ್ಮ ಅಪ್ಪನ ಕಾಲದಿಂದ ನಮ್ಮದು ಒಂದೇ ಗುರುತು. ಅದನ್ನು ಬಿಡುವುದು ಎಂದರೆ ಮನೆದೇವರನ್ನು ಬಿಟ್ಟ ಹಾಗೆ ಎಂದು ನಾನು ತಿಳಿದಿದ್ದೆ.

ಅವರು ಬಿಟ್ಟರು. ಒಂದು ಸಲ ಈ ಪಕ್ಷಕ್ಕೆ, ಇನ್ನೊಂದು ಸಲ ಆ ಪಕ್ಷಕ್ಕೆ, ಮತ್ತೊಂದು ಸಲ ಯಾರೂ ಕೇಳಿರದ ಪಕ್ಷೇತರನಿಗೆ. ಹಾಕಿ ಬಂದು ಮುಚ್ಚಿಡುತ್ತಲೂ ಇರಲಿಲ್ಲ. ಕೇಳಿದರೆ ಹೇಳುತ್ತಿದ್ದರು, ಕಾರಣವನ್ನೂ ಹೇಳುತ್ತಿದ್ದರು. ಕೊಬ್ಬರಿ ರೇಟು ಬಿದ್ದಾಗ ಯಾರು ಬಾಯಿ ಬಿಟ್ಟರು, ಯಾರು ಬಿಡಲಿಲ್ಲ ಎನ್ನುವುದು ಅವರ ನೆನಪಿನಲ್ಲಿ ಇರುತ್ತಿತ್ತು. "ಹೋದ್ಸಲ ಅವನಿಗೆ ಹಾಕಿದ್ದೆ, ತಪ್ಪಾಯ್ತು. ಈ ಸಲ ಇವನಿಗೆ ಹಾಕಿವ್ನಿ. ಇದೂ ತಪ್ಪಾಗ್ಬೋದು ಕಣಪ್ಪ," ಎನ್ನುವಾಗ ಅವರ ಮುಖದಲ್ಲಿ ನಾಚಿಕೆಯೇ ಇರುತ್ತಿರಲಿಲ್ಲ. ಗಂಡಸರು ಅರಳಿಕಟ್ಟೆಯ ಮೇಲೆ ಇದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಓಟು ಕೇಳಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದರು. ಗೆದ್ದಿದ್ದವನಿಗೆ, "ಗೆದ್ದ ಮಾರನೇ ದಿನ ಏನ್ ಮಾಡ್ದೆ?" ಸೋತಿದ್ದವನಿಗೆ, "ಸೋತ ಮಾರನೇ ದಿನ ಏನ್ ಮಾಡ್ದೆ?" ಹೆಚ್ಚಿನವರು ಗೆದ್ದರೆ ಏನು ಮಾಡುತ್ತೇವೆ ಎಂದು ಹೇಳಲು ಸಿದ್ಧವಾಗಿ ಬಂದಿರುತ್ತಿದ್ದರು. ಹಿಂದಿನ ಮಾರನೇ ದಿನದ ಮಾತು ಬಂದರೆ ಮಜ್ಜಿಗೆ ಲೋಟದೊಳಗೆ ನೋಡುತ್ತಿದ್ದರು.

ಕಳೆದ ಪಂಚಾಯ್ತಿ ಚುನಾವಣೆಗೆ ನಮ್ಮ ದೊಡ್ಡಪ್ಪನ ಮಗ ಮಲ್ಲೇಶ ನಿಂತ. ಒಮ್ಮೆ ಗೆದ್ದು, ಒಮ್ಮೆ ಸೋತು, ಮೂರನೇ ಸಲ ನಿಂತಿದ್ದ. ಅವನ ಎದುರಿಗೆ ನಿಂತವನು ಊರಾಚೆಯ ಹಟ್ಟಿಯ ಯೋಗೀಶ, ಟ್ರ್ಯಾಕ್ಟರ್ ಓಡಿಸುವವನು, ಕುರಿ ಸಾಕುವವರ ಮನೆಯ ಹುಡುಗ. ಮಲ್ಲೇಶ ಅತ್ತಿಗೆಯ ಜಗಲಿಗೆ ಬಂದಾಗ ನಾನೂ ಜೊತೆಯಲ್ಲಿದ್ದೆ. ಸೋತ ಮಾರನೇ ದಿನದ ಪ್ರಶ್ನೆ ಬಂತು. ಮಲ್ಲೇಶ ಲೋಟ ಕೆಳಗಿಟ್ಟು, "ಮುಸುಕು ಹಾಕ್ಕಂಡ್ ಮಲಗಿದ್ದೆ ಅತ್ತಿಗೆಮ್ಮ. ಎದ್ದು ಈಚೆಗ್ ಬರಕ್ಕೆ ನಾಚ್ಕೆ ಆಯ್ತು," ಎಂದ. ಅತ್ತಿಗೆ ಜೋರಾಗಿ ನಕ್ಕುಬಿಟ್ಟರು. "ಇನ್ನೊಂದ್ ಲೋಟ ಕುಡಿ ಕಣ್ಲಾ," ಎಂದರು. ಅಷ್ಟೇ, ಹಾಕುತ್ತೇನೆ ಎಂದಾಗಲಿ ಹಾಕುವುದಿಲ್ಲ ಎಂದಾಗಲಿ ಹೇಳಲಿಲ್ಲ.

ನನಗೆ ಒಂದು ಮಾತು ಮಾತ್ರ ಅವರು ಬೇರೆ ಹೇಳಿದ್ದರು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿ ಪೈಪು ಒಡೆದು, ಯಾರೂ ಸರಿಮಾಡಿಸದೆ, ಯೋಗೀಶ ತನ್ನ ಟ್ರ್ಯಾಕ್ಟರಿಗೆ ಟ್ಯಾಂಕರು ಸಿಕ್ಕಿಸಿಕೊಂಡು ಬಂದು ಮನೆಮನೆಗೆ ನೀರು ಬಿಟ್ಟಿದ್ದ. ಹಟ್ಟಿಗೂ ಬಿಟ್ಟ, ನಮಗೂ ಬಿಟ್ಟ. ಅತ್ತಿಗೆ ಅಟ್ಟದ ಮೇಲೆ ಕೂತು ಕಾಯಿ ಅಲ್ಲಾಡಿಸುತ್ತಿದ್ದರು, ನಾನು ಕೆಳಗೆ ನಿಂತು ಮಲ್ಲೇಶನ ಪರ ಮಾತಾಡುತ್ತಿದ್ದೆ. "ನಂಜುಂಡ, ಆ ನೀರು ಕುಡಿಯೋವಾಗ ಇದು ಯಾವ ಗುರುತಿನ ನೀರು ಅಂತ ಕೇಳ್ದೇನ್ಲಾ?" ಎಂದರು. "ಬಿಂದಿಗೆ ಹಿಡಿಯೋ ಹೊತ್ತಿಗೆ ನೀನೇ ಮುಂದಿದ್ದೆ," ಎಂದು ಕಾಯಿಯನ್ನು ಉರುಳಿಸಿದರು.

ಓಟಿನ ಹಿಂದಿನ ಸೋಮವಾರ ಹಿರಿಯರು ಗುಡಿಯಲ್ಲಿ ಮಲ್ಲೇಶನ ಹೆಸರಲ್ಲಿ ಕಾಯಿ ಮುಟ್ಟಿಸಿದರು. ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಅರಿಶಿನ ಕುಂಕುಮ ಹಚ್ಚಿದ ಕಾಯಿಯನ್ನು ದೇವರ ಮುಂದೆ ತಟ್ಟೆಯಲ್ಲಿ ಇಡುತ್ತಾರೆ. ಮನೆಗೊಬ್ಬರು ಬಂದು ಅದನ್ನು ಮುಟ್ಟಿ, ನಮ್ಮ ಮನೆಯ ಓಟು ಇಂಥವನಿಗೆ ಎಂದು ಆಣೆ ಇಡಬೇಕು. ಆಮೇಲೆ ಆ ಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತೊಲೆಗೆ ಕಟ್ಟುತ್ತಾರೆ. ಗೆದ್ದರೆ ಗೆದ್ದವನು ಅದನ್ನು ಒಡೆಯುತ್ತಾನೆ. ಆಣೆ ತಪ್ಪಿದರೆ, ತಪ್ಪಿದವರು ಎಲ್ಲರೆದುರು ಒಪ್ಪಿಕೊಂಡು ಒಡೆಯಬೇಕು. ಅಲ್ಲಿಯವರೆಗೆ ಯಾರೂ ಇಳಿಸುವ ಹಾಗಿಲ್ಲ.

ನಾನು ಮುಟ್ಟಿದೆ. ಅತ್ತಿಗೆಯ ಸರದಿ ಬಂದಾಗ ಅವರು ತಟ್ಟೆಯ ಮುಂದೆ ನಿಂತು ದೇವರಿಗೆ ಕೈಮುಗಿದರು, ಕಾಯಿಗೆ ಕೈ ಚಾಚಲಿಲ್ಲ. "ಇನ್ನೂ ಅಲ್ಲಾಡ್ಸಿ ನೋಡಿಲ್ಲ ಕಣ್ರಪ್ಪ. ಈಗ್ಲೇ ಎಂಗೆ ಹೇಳ್ಲಿ," ಎಂದರು. ಯಾರೋ ಗೊಣಗಿದರು. ಮಲ್ಲೇಶನೇ, "ಬುಡಿ, ಅತ್ತಿಗೆಮ್ಮ ನಮ್ಮೋರೇ, ಇನ್ಯಾರಿಗೆ ಹಾಕ್ತಾರೆ," ಎಂದು ಅವರ ಓಟನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡ.

ಓಟಿನ ದಿನ ಶಾಲೆಯ ಕೋಣೆಯಲ್ಲಿ, ರಟ್ಟಿನ ಮರೆಯ ಹಿಂದೆ, ನಾನು ಮುದ್ರೆ ಹಿಡಿದು ನಿಂತೆ. ಅರವತ್ತು ದಾಟಿದವನು, ಜೀವಮಾನದಲ್ಲಿ ಯೋಚಿಸಿ ಓಟು ಹಾಕಿದವನಲ್ಲ. ಆ ದಿನ ಯಾಕೋ ಬಿಂದಿಗೆ ತುಂಬುವ ಸದ್ದು ಕೇಳಿದ ಹಾಗಾಯಿತು. ಅತ್ತಿಗೆಯ ಮಾತು ನೆನಪಾಯಿತು. ಮಲ್ಲೇಶನ ಗುರುತಿನ ಮೇಲೆ ಹೋದ ಕೈ ಕೆಳಗೆ ಜಾರಿ ಯೋಗೀಶನ ಗುರುತಿನ ಮೇಲೆ ಒತ್ತಿತು. ಕೈ ಜಾರಿತು ಎಂದು ಬರೆದೆ, ಅದೂ ಸುಳ್ಳು. ನಾನೇ ಒತ್ತಿದೆ. ಅದು ಸರಿ ಎಂದು ಅನ್ನಿಸಿಯೇ ಒತ್ತಿದೆ. ಈಚೆಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಆಣೆ ಮುರಿದಿದ್ದೆ. ಕೊಟ್ಟಿಗೆಯ ದನ, ಮನೆಯ ಮಕ್ಕಳು ಎಲ್ಲ ಒಟ್ಟಿಗೆ ಕಣ್ಮುಂದೆ ಬಂದರು.

ತುರುವೇಕೆರೆಯಲ್ಲಿ ಎಣಿಕೆ ಆಯಿತು. ಮಲ್ಲೇಶ ಒಂದೇ ಒಂದು ಓಟಿನಲ್ಲಿ ಸೋತ. ನನ್ನ ಓಟು ಅವನಿಗೇ ಬಿದ್ದಿದ್ದರೆ ಒಂದು ಓಟಿನಲ್ಲಿ ಗೆಲ್ಲುತ್ತಿದ್ದ. ಇದನ್ನು ಲೆಕ್ಕ ಹಾಕಲು ಎಸ್ಸೆಸ್ಸೆಲ್ಸಿ ಓದಿರಬೇಕಾಗಿಲ್ಲ.

ಸಂಜೆ ಅರಳಿಕಟ್ಟೆಯಲ್ಲಿ ಎಲ್ಲರೂ ಕೂಡಿದ್ದರು. ಗುಡಿಯಲ್ಲಿ ಹಾಕಿದ್ದ ಲೆಕ್ಕದಂತೆ ಮಲ್ಲೇಶ ಗೆಲ್ಲಬೇಕಿತ್ತು, ನಮ್ಮವರದೇ ಒಂದು ಓಟು ಆಚೆಗೆ ಹೋಗಿದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಮಲ್ಲೇಶನ ಕಣ್ಣು ಕೆಂಪಾಗಿತ್ತು. "ಯಾರು ಅಂತ ಗೊತ್ತಾದ್ರೆ ಸಾಕು ಕಣ್ರಪ್ಪ. ನಾನೇನ್ ಬೈಯಲ್ಲ," ಎಂದ. ಆಗ ಹಿಂದಿನಿಂದ ಒಬ್ಬ, "ಮುಟ್ಟಿದೋರು ಯಾಕ್ ತಪ್ಪುತಾರೆ? ಮುಟ್ಟದೆ ಹೋದೋರು ಯಾರು ಅದ್ನ ಹೇಳಿ," ಎಂದ. ಒಬ್ಬೊಬ್ಬರಾಗಿ ಎಲ್ಲರ ಮುಖವೂ ಅತ್ತಿಗೆಯ ಮೈದುನನಾದ ನನ್ನ ಕಡೆ ತಿರುಗಿತು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನು ಸುಮ್ಮನಿರಲಿಲ್ಲ.

"ನಾನು ಹೇಳೋ ಅಷ್ಟು ಹೇಳ್ದೆ. ಅವರ ಬುದ್ಧಿ ನಿಮಗೇ ಗೊತ್ತಲ್ಲ. ಓಟು ಬದಲಾಯ್ಸೋದು ಅವರಿಗೇನು ಹೊಸದಾ?"

ಇಷ್ಟೇ ನಾನು ಆಡಿದ ಮಾತು. ಜನ ಹೂಂ ಎಂದು ತಲೆಯಾಡಿಸಿದರು. ಮಲ್ಲೇಶ ಎದ್ದು ಹೋದ.

ಹಿರಿಯರು ಅತ್ತಿಗೆಯ ಮನೆಗೆ ಹೋದರು. ನಾನೂ ಹೋಗಬೇಕಾಯಿತು, ಹೋಗದಿದ್ದರೆ ಅನುಮಾನ ಬರುತ್ತದೆ ಎಂದು. "ಬಂದು ಕಾಯಿ ಒಡೆದುಬುಡಮ್ಮ, ಅಲ್ಲಿಗೆ ಮುಗೀತು. ಯಾರೂ ಏನೂ ಅನ್ನಲ್ಲ," ಎಂದರು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ನಾನ್ ಮುಟ್ಟದ ಕಾಯಿ ನಾನ್ಯಾಕೆ ಒಡೀಲಿ?" ಎಂದರು. ಅದು ಸೊಕ್ಕಿನ ಮಾತಾಗಿ ಊರೆಲ್ಲ ಹರಡಿತು. ಅವರು ಹಾಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎನ್ನುವುದೇ ನನ್ನನ್ನು ಹೆದರಿಸಿತು.

ಆ ವರ್ಷ ಅವರ ಕಾಯಿ ಸುಲಿಯಲು ಯಾರೂ ಬರಲಿಲ್ಲ. ಮಾಯಸಂದ್ರದ ಕಡೆಯಿಂದ ಆಳು ಕರೆಸಿದರೆ, ಊರ ಬಾಗಿಲಲ್ಲೇ ಯಾರೋ ಏನೋ ಹೇಳಿ ವಾಪಸ್ ಕಳಿಸಿದರು. ಅತ್ತಿಗೆ ಅಂಗಳದಲ್ಲಿ ತಾವೇ ಹಾರೆ ನೆಟ್ಟುಕೊಂಡರು. ಮೊನೆಗೆ ಕಾಯಿ ಕುಕ್ಕಿ ಸಿಪ್ಪೆ ತಿರುವುವುದು ಗಟ್ಟಿ ಗಂಡಸರ ಕೆಲಸ. ಗೋಡೆಯ ಈ ಕಡೆ ನನಗೆ ಸದ್ದು ಕೇಳುತ್ತಿತ್ತು. ಕುಕ್ಕುವ ಸದ್ದು, ಸಿಪ್ಪೆ ಹರಿಯುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ಎಷ್ಟು ಹೊತ್ತಾದರೂ ಮುಗಿಯುತ್ತಿರಲಿಲ್ಲ. ನಾನು ಎದ್ದು ಟಿವಿ ಜೋರು ಮಾಡುತ್ತಿದ್ದೆ. ನನ್ನ ಹೆಂಡತಿ ಒಂದು ದಿನ ಹೋಗಿ ನೋಡಿ ಬಂದು, "ಅಕ್ಕನ ಅಂಗೈಲಿ ಚರ್ಮ ಇಲ್ಲ ಕಣ್ರೀ," ಎಂದಳು. ನಾನು ಚಾನಲ್ ಬದಲಾಯಿಸಿದೆ.

ಮುಂದಿನ ವರ್ಷದ ಸುಗ್ಗಿಗೆ ಕೋಪ ಸ್ವಲ್ಪ ತಣ್ಣಗಾಯಿತು. ಆಳುಗಳು ಬಂದರು. ಆದರೆ ಹೆಸರಿಡುವ ಕಾರ್ಯಕ್ಕೆ, ಹಬ್ಬದೂಟಕ್ಕೆ ಅವರನ್ನು ಮೊದಲಿನ ಹಾಗೆ ಕರೆಯಲಿಲ್ಲ. ಆಣೆ ಮುಟ್ಟದೋಳು ಎಂದೇ ಅವರಿಗೆ ಹೆಸರಾಯಿತು. ಅವರು ಮಾತ್ರ ಬದಲಾಗಲಿಲ್ಲ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ, ಆ ಪಕ್ಷದ ಒಬ್ಬ ಬಂದು, "ಈ ಸಲ ನಮಗೇ ಅಲ್ವೇ ಅಜ್ಜಿ," ಎಂದಾಗ, "ಕೊಟ್ಟೋರು ಕೊಟ್ರಿ, ಹತ್ತೋಳು ಹತ್ತಿದೆ. ಮಾರನೇ ದಿನ ಏನ್ ಮಾಡಿದ್ರಿ ಹೇಳಿ," ಎಂದು ಕೂರಿಸಿಕೊಂಡರಂತೆ.

ಅದೇ ಬಸ್ಸಿನಲ್ಲಿ ಅವರು ಎದೆನೋವಿಗೆ ತಿಪಟೂರಿನ ಆಸ್ಪತ್ರೆಗೆ ಓಡಾಡತೊಡಗಿದರು. ಒಂದು ದಿನ ನಾನು ಜೊತೆಗೆ ಹೋಗಿದ್ದೆ. ಬರುವಾಗ ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಲು ಇಳಿದು, ಅಂಗಡಿಯ ನೆರಳಲ್ಲಿ ಬೆಂಚಿನ ಮೇಲೆ ಕೂತೆವು. ಅವರು ಎಳನೀರು ಕುಡಿದು ಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ನಂಜುಂಡ, ಅವತ್ತು ನಾನ್ ಯಾರಿಗೆ ಹಾಕ್ದೆ ಗೊತ್ತೇನ್ಲಾ?"

"ಈಗ್ಯಾಕೆ ಅತ್ತಿಗೆ ಅದು."

"ಮಲ್ಲೇಶಂಗೇ ಕಣ್ಲಾ. ಯೋಗೀಶ ಒಳ್ಳೆ ಹುಡುಗನೇ. ಆದ್ರೆ ಮಾರನೇ ದಿನ ನಾಚ್ಕೆ ಆಯ್ತು ಅಂತ ನನ್ನ ಜಗಲೀಲಿ ಕೂತು ಹೇಳ್ದೋನು ಅವ್ನೊಬ್ಬನೇ. ನಾಚ್ಕೆ ಇರೋನು ಇನ್ನೊಂದ್ಸಲ ಸರಿಯಾಗಿ ಮಾಡ್ತಾನೆ ಅಂತ ಹಾಕ್ದೆ."

ನನಗೆ ಬೆಂಚು ಅಲ್ಲಾಡಿದ ಹಾಗಾಯಿತು. "ಹಂಗಾದ್ರೆ ಜನಕ್ಕೆ ಹೇಳ್ಬಾರ್ದಿತ್ತಾ?" ಎಂದೆ.

"ನಾನಲ್ಲ ಅಂದ್ರೆ, ಇನ್ಯಾರು ಅಂತ ಹುಡುಕ್ತಿದ್ರು," ಎಂದರು. ಬುರುಡೆಯನ್ನು ಬೆಂಚಿನ ಕೆಳಗೆ ಇಟ್ಟು, "ಒಳಗೆ ಹೋದೋನು ಏನ್ ಮಾಡ್ದ ಅನ್ನೋದು ಅವನದು. ಅದರಲ್ಲಿ ತಪ್ಪೇನಿಲ್ಲ ಕಣಪ್ಪ. ನಂಗೆ ಸಂತೋಷವೇ ಆಯ್ತು. ಈಚೆಗ್ ಬಂದು..." ಎಂದು ನಿಲ್ಲಿಸಿದರು. "ಬಸ್ ಬಂತೇನೋ ನೋಡು."

ಬಸ್ಸು ಬಂದಿರಲಿಲ್ಲ. ರಸ್ತೆ ಖಾಲಿಯಿತ್ತು. ಹೇಳಬೇಕಾಗಿದ್ದ ಮಾತಿಗೆ ಬೇಕಾದಷ್ಟು ಸಮಯ ಅವರು ಕೊಟ್ಟರು. ನಾನು ರಸ್ತೆಯನ್ನು ನೋಡುತ್ತಾ ನಿಂತುಬಿಟ್ಟೆ.

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಹೆಣ ಎತ್ತುವಾಗ ಮಲ್ಲೇಶ ಬಂದಿದ್ದ, ಹೆಗಲು ಕೊಡಲಿಲ್ಲ. ದೂರ ನಿಂತಿದ್ದ.

ಅವರಿಲ್ಲದ ಮೊದಲ ಚುನಾವಣೆಯಲ್ಲಿ ನಾನು ಓಟಿಗೆ ಹೋದಾಗ, ಹೆಸರು ಕೂಗುವ ಅಧಿಕಾರಿ ಸಾಲು ತಪ್ಪಿ ಮೇಲಿನ ಹೆಸರನ್ನು ಓದಿದರು. ಏಜೆಂಟರ ಬೆಂಚಿನ ಮೇಲಿದ್ದವನೊಬ್ಬ, "ಅದು ನಮ್ಮ ಆಣೆ ಮುಟ್ಟದ ಅಜ್ಜಿ ಸಾರ್, ಹೋಗ್ಬಿಟ್ರು," ಎಂದ. ಇಬ್ಬರು ನಕ್ಕರು. ಬಾಗಿಲಲ್ಲಿ ಸರದಿಗೆ ನಿಂತಿದ್ದ ಮಲ್ಲೇಶ ನಗಲಿಲ್ಲ. ಆಗಲೂ ನಾನು ಹೇಳಬಹುದಿತ್ತು. "ಅದರ ಕೆಳಗಿಂದು ನಂದು ಸಾರ್," ಎಂದು ಬೆರಳು ಮುಂದೆ ಚಾಚಿದೆ.

ಯಾರಿಗೆ ಓಟು ಹಾಕಿದೆ ಎಂಬುದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆಮೇಲಿನ ಪ್ರತಿ ಚುನಾವಣೆಯಲ್ಲೂ ಅತ್ತಿಗೆಯ ಹಾಗೆ ಯೋಚಿಸಿಯೇ ಹಾಕಿದ್ದೇನೆ, ಒಮ್ಮೆ ತಪ್ಪಿದ್ದೇನೆ ಕೂಡ. ಮಲ್ಲೇಶ ಇದನ್ನು ಓದುತ್ತಾನೆ, ಊರೂ ಓದುತ್ತದೆ. ಬರುವ ಸೋಮವಾರ ಗುಡಿಗೆ ಹೋಗಿ ಆ ಕಾಯಿ ಇಳಿಸುತ್ತೇನೆ. ಅದು ಒಣಗಿ ಎಷ್ಟೋ ಕಾಲವಾಯಿತು, ಗಾಳಿ ಬಂದಾಗ ತೊಲೆಯ ಕೆಳಗೆ ಲೊಟಲೊಟ ಎನ್ನುತ್ತದೆ. ಮುಟ್ಟಿದವನು ನಾನು, ಒಡೆಯಬೇಕಾದವನೂ ನಾನೇ. ಒಡೆಯುವಾಗ ತಪ್ಪಾಯಿತು ಎಂದು ಯಾರಿಗೆ ಹೇಳುತ್ತಿದ್ದೇನೆ ಎನ್ನುವುದನ್ನು ಗಟ್ಟಿಯಾಗಿ ಹೇಳಬೇಕು. ಆಣೆ ಮುಟ್ಟದೋಳು ಎಂದಲ್ಲ, ಅತ್ತಿಗೆ ಎಂದೂ ಅಲ್ಲ. ಆ ದಿನ ಸಾಲು ತಪ್ಪಿ ಓದಿದ ಹೆಸರು, ನನ್ನ ಹೆಸರಿನ ಮೇಲೆಯೇ ಇದ್ದದ್ದು: ಪುಟ್ಟಲಕ್ಷ್ಮಮ್ಮ.